ಮಾತ್ರೆಯ ಮೇಲೆ ತಪ್ಪು ಹೊರಿಸುವ ಮೊದಲು: ಬಿ.ಫಾರ್ಮ್ ಪ್ರಾಜೆಕ್ಟ್‌ನಲ್ಲಿ ಡಿಸೊಲ್ಯೂಷನ್ ದೋಷ ಹುಡುಕುವ ಕ್ರಮ

ಎಂಟನೇ ಸೆಮಿಸ್ಟರಿನ ಪ್ರಾಜೆಕ್ಟ್‌ನಲ್ಲಿ ವಾರಗಟ್ಟಲೆ ಸಮಯ ತಿನ್ನುವ ದೂರು ಒಂದಿದೆ: "ಸರ್, ಡ್ರಗ್ ರಿಲೀಸೇ ಆಗ್ತಿಲ್ಲ." ಡಿಸೊಲ್ಯೂಷನ್ ಅಂದರೆ ಮಾತ್ರೆಯಿಂದ ಎಷ್ಟು ಡ್ರಗ್ ಎಷ್ಟು ಹೊತ್ತಿನಲ್ಲಿ ದ್ರವಕ್ಕೆ ಕರಗಿ ಬರುತ್ತದೆ ಅನ್ನುವ ಪರೀಕ್ಷೆ. ಪ್ಯಾರಸಿಟಮಾಲ್ 500 ಮಿ.ಗ್ರಾಂ ಮಾತ್ರೆ, ಎರಡು ಮೂರು ಬೈಂಡರ್‌ಗಳ (ಪುಡಿಯನ್ನು ಹಿಡಿದಿಡುವ ಅಂಟು) ಹೋಲಿಕೆ, ವಿಷಯ ಸರಳ. 30 ನಿಮಿಷಕ್ಕೆ 85% ದಾಟಬೇಕಾದ ಅಂಕಿ 61ಕ್ಕೆ ನಿಲ್ಲುತ್ತದೆ. ಮರುದಿನವೇ ತಂಡ ಬೈಂಡರ್ ಕಡಿಮೆ ಮಾಡಿ ಹೊಸ ಬ್ಯಾಚ್ ಒತ್ತುತ್ತದೆ. ಆಗ 63. ಇನ್ನೊಂದು ಬ್ಯಾಚ್, ಆಗ 58. ಅಷ್ಟರಲ್ಲಿ ಡ್ರಗ್ ಡಬ್ಬಿ ಖಾಲಿ, ಇಂಟರ್ನಲ್ಸ್ ಹತ್ತಿರ.

ಇಲ್ಲಿ ಹೇಳುವ ಕ್ರಮ ಇದಕ್ಕೆ ತಲೆಕೆಳಗು. ಮೊದಲು ಲೆಕ್ಕ, ಆಮೇಲೆ ಯುವಿ (ದ್ರಾವಣ ಎಷ್ಟು ನೇರಳಾತೀತ ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ), ಆಮೇಲೆ ದ್ರಾವಣಗಳು, ಆಮೇಲೆ ಡಿಸೊಲ್ಯೂಷನ್ ಯಂತ್ರ, ಕಟ್ಟಕಡೆಗೆ ಮಾತ್ರೆ. ಕಾರಣ ಇಷ್ಟೇ. ಲೆಕ್ಕ ನೋಡಲು ಹತ್ತು ನಿಮಿಷ, ಕ್ಯುವೆಟ್ (ಆ ಯಂತ್ರದೊಳಗೆ ದ್ರಾವಣ ಇಡುವ ಪುಟ್ಟ ಪಾತ್ರೆ) ಪರೀಕ್ಷಿಸಲು ಇನ್ನೊಂದು ಹತ್ತು ನಿಮಿಷ ಸಾಕು. ಹೊಸ ಬ್ಯಾಚಿಗೆ ಗ್ರ್ಯಾನ್ಯುಲೇಷನ್ (ಪುಡಿಯನ್ನು ಕಾಳು ಮಾಡುವುದು), ಒಣಗಿಸುವುದು, ಒತ್ತುವುದು ಅಂತ ದಿನಗಳೇ ಬೇಕು. ಅಗ್ಗದ ಅನುಮಾನವನ್ನು ಮೊದಲು ತೀರಿಸಿಕೊಳ್ಳಬೇಕು.

ಉದಾಹರಣೆಗೆ ಹಿಡಿದಿರುವ ವಿಧಾನ ಇದು: 900 ಎಂ.ಎಲ್. ಪಿಎಚ್ 5.8 ಫಾಸ್ಫೇಟ್ ಬಫರ್, 37 ಡಿಗ್ರಿ, ಪ್ಯಾಡಲ್ (ಕಲಕುವ ಅಲಗು), 50 ಆರ್‌ಪಿಎಂ, 30 ನಿಮಿಷ. ಅಮೆರಿಕದ ಫಾರ್ಮಾಕೋಪಿಯಾದಲ್ಲಿ (ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥ) ಇದಕ್ಕೆ ಕ್ಯೂ ಮೌಲ್ಯ, ಅಂದರೆ ಕರಗಬೇಕಾದ ಪ್ರಮಾಣ, 80%. ಇದಕ್ಕೆ 5 ಸೇರಿಸಿ, ಮೊದಲ ಹಂತದಲ್ಲಿ ಆರು ಮಾತ್ರೆಗಳಲ್ಲಿ ಒಂದೊಂದೂ 85ಕ್ಕಿಂತ ಕಡಿಮೆ ಇರಬಾರದು. ಸ್ಯಾಂಪಲ್ ಸೋಸಿ, 1 ಎಂ.ಎಲ್. ತೆಗೆದು, 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 50 ಎಂ.ಎಲ್.ಗೆ ಏರಿಸಿ 257 ನ್ಯಾನೋಮೀಟರ್‌ನಲ್ಲಿ ಓದುತ್ತೇವೆ ಅಂದುಕೊಳ್ಳಿ. ನಿಮ್ಮ ಪ್ರೋಟೋಕಾಲ್ ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ಹುಡುಕುವ ಕ್ರಮ ಬದಲಾಗುವುದಿಲ್ಲ.

ಅಂಕಿಗಳ ಲಕ್ಷಣ ನೋಡಿ

ಆರು ವೆಸೆಲ್‌ಗಳ (ಒಂದೊಂದು ಮಾತ್ರೆ ಕರಗುವ ಪಾತ್ರೆ) ಫಲಿತಾಂಶವನ್ನು ಸರಾಸರಿ ಮಾಡುವ ಮುಂಚೆ ಬಿಡಿಬಿಡಿಯಾಗಿ ಬರೆದು ನೋಡಿ. ಸರಾಸರಿ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಆರೂ ಒಂದೇ ಪ್ರಮಾಣದಲ್ಲಿ ಕಡಿಮೆ (60, 61, 61, 62, 60, 61) ಇದ್ದರೆ ಮಾತ್ರೆಯ ಮೇಲೆ ಅನುಮಾನ ಬೇಡ. ಕಾಲೇಜಿನ ಚಿಕ್ಕ ಪ್ರೆಸ್‌ನಲ್ಲಿ ಒತ್ತಿದ ಕೆಟ್ಟ ಮಾತ್ರೆಗಳು ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಸ್ಟ್ಯಾಂಡರ್ಡ್ (ಹೋಲಿಕೆಗೆ ಮಾಡಿದ, ಪ್ರಮಾಣ ಗೊತ್ತಿರುವ ದ್ರಾವಣ), ಡೈಲ್ಯೂಷನ್ (ತೆಳು ಮಾಡುವುದು), ಪಿಪೆಟ್, ತರಂಗಾಂತರ, ಇವುಗಳಲ್ಲೊಂದರ ಕೈವಾಡ ಇರುತ್ತದೆ. ಅಂಕಿ ಸರಿಸುಮಾರು ಅರ್ಧ ಅಥವಾ ಎರಡರಷ್ಟು ಬಂದಿದ್ದರಂತೂ ಯಾರೋ 50ರ ಬದಲು 100 ಎಂ.ಎಲ್. ಫ್ಲಾಸ್ಕ್ ಎತ್ತಿಕೊಂಡಿದ್ದಾರೆ, ಇಲ್ಲವೇ ಎಕ್ಸೆಲ್ ಹಾಳೆಯಲ್ಲಿ ಹಳೆಯ ಡೈಲ್ಯೂಷನ್ ಫ್ಯಾಕ್ಟರ್ ಹಾಗೇ ಉಳಿದಿದೆ.

ಚದುರಿದ ಅಂಕಿ (48, 79, 55, 90, 62, 71) ಬಂದರೆ ಮಾತ್ರೆ, ಸ್ಯಾಂಪಲ್ ತೆಗೆಯುವ ಕೈ, ಸೋಸುವ ರೀತಿ, ಈ ಮೂರನ್ನೂ ನೋಡಬೇಕು. ಪ್ರತಿ ಸಲವೂ ಒಂದೇ ವೆಸೆಲ್ ಹಿಂದೆ ಬೀಳುತ್ತಿದ್ದರೆ ದೋಷ ಆ ಜಾಗದ್ದು. ಮೊದಲ 10 ನಿಮಿಷ ಏನೂ ಇಲ್ಲದೆ ಆಮೇಲೆ ಓಡಿ ಸೇರಿಕೊಂಡರೆ ಮಾತ್ರೆ ಒಡೆಯುವುದು ತಡವಾಗುತ್ತಿದೆ. ಬೇಗನೆ ಏರಿ 85ರ ಸುತ್ತ ಮೊಂಡು ಹಿಡಿದು ನಿಂತರೆ, ಕರಗಲು ಅಲ್ಲಿ ಬೇರೆ ಡ್ರಗ್ಗೇ ಇಲ್ಲದಿರಬಹುದು. ಆಗ ಅಸ್ಸೇ (ಮಾತ್ರೆಯಲ್ಲಿ ಒಟ್ಟು ಎಷ್ಟು ಡ್ರಗ್ ಇದೆ ಎಂದು ಅಳೆಯುವುದು) ಮಾಡದೆ ಒಂದು ಮಾತೂ ಆಡುವಂತಿಲ್ಲ.

ಲೆಕ್ಕವನ್ನು ಕೈಯಲ್ಲಿ ಒಮ್ಮೆ ಮಾಡಿ

500 ಮಿ.ಗ್ರಾಂ ಪೂರ್ತಿ 900 ಎಂ.ಎಲ್.ನಲ್ಲಿ ಕರಗಿದರೆ ಎಂ.ಎಲ್.ಗೆ 555.6 ಮೈಕ್ರೋಗ್ರಾಂ. 50 ಪಟ್ಟು ತೆಳುವಾದರೆ 11.1. ಪ್ಯಾರಸಿಟಮಾಲ್‌ನ 1% ದ್ರಾವಣಕ್ಕೆ 1 ಸೆಂ.ಮೀ. ದಾರಿಯಲ್ಲಿ, 0.1 ಮೋಲಾರ್ ಕ್ಷಾರದಲ್ಲಿ, 257ರಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) 715 ಎಂದು ಫಾರ್ಮಾಕೋಪಿಯಾ ಬಳಸುವ ಅಂಕಿ ಇದೆ. ಅದರಂತೆ 10 ಮೈಕ್ರೋಗ್ರಾಂಗೆ 0.715, 11.1ಕ್ಕೆ 0.794. ಅಂದರೆ ಮಾತ್ರೆ ನೂರಕ್ಕೆ ನೂರು ಕರಗಿದಾಗ ಯಂತ್ರದ ಪರದೆಯ ಮೇಲೆ 0.79 ಆಸುಪಾಸು ಕಾಣಬೇಕು. ಈ ಒಂದು ಅಂಕಿಯನ್ನು ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಯಂತ್ರದ ಮುಂದೆಯೇ ಬಗೆಹರಿಯುತ್ತದೆ. ಪರದೆಯಲ್ಲಿ 0.78 ಇದ್ದು ಎಕ್ಸೆಲ್ ಮಾತ್ರ 61% ಅಂದರೆ ತಪ್ಪು ಎಕ್ಸೆಲ್‌ನದು.

5, 10, 15, 20, 30 ನಿಮಿಷಕ್ಕೆ ಒಂದೊಂದು ಸಲ 5 ಎಂ.ಎಲ್. ತೆಗೆದು ಅಷ್ಟೇ ಬಫರ್ ಮರಳಿ ಹಾಕಿದ್ದರೆ, ಹಿಂದೆ ತೆಗೆದ ಡ್ರಗ್ ಸೇರಿಸಿಕೊಳ್ಳುವ ತಿದ್ದುಪಡಿ ಬೇಕು. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಆದರೆ 900ರಲ್ಲಿ 5 ಎಂ.ಎಲ್. ಅಂದರೆ ಅರ್ಧ ಶೇಕಡಾ ಚಿಲ್ಲರೆ. ತಿದ್ದುಪಡಿ ಮರೆತರೆ ಕೊನೆಯ ಅಂಕಿಯಲ್ಲಿ ಒಂದೆರಡು ಶೇಕಡಾ ಕಳೆಯುತ್ತದೆಯೇ ಹೊರತು 85 ಇಳಿದು 61 ಆಗುವುದಿಲ್ಲ. ದೋಷದ ಗಾತ್ರಕ್ಕೆ ಕಾರಣದ ಗಾತ್ರ ಹೊಂದದಿದ್ದರೆ ಆ ಕಾರಣವನ್ನು ಬದಿಗಿಟ್ಟು ಮುಂದೆ ಹೋಗಿ.

ಎಲ್ಲವನ್ನೂ ಎರಡು ಪಾಲು ಮಾಡುವ ಪರೀಕ್ಷೆ

ಲೆಕ್ಕ ಸರಿ ಇದ್ದರೆ, ಯಂತ್ರವನ್ನು ಬಿಚ್ಚಲು ಹೋಗುವ ಮುಂಚೆ ಇದೊಂದನ್ನು ಮಾಡಿ. ಒಂದು ವೆಸೆಲ್‌ಗೆ ಮಾತ್ರೆಯ ಬದಲು ತೂಗಿದ 500 ಮಿ.ಗ್ರಾಂ ಶುದ್ಧ ಪ್ಯಾರಸಿಟಮಾಲ್ ಪುಡಿ ಹಾಕಿ. ಕೋಣೆಯ ಉಷ್ಣತೆಯಲ್ಲೇ ಇದು ನೀರಿನಲ್ಲಿ ಎಂ.ಎಲ್.ಗೆ 10 ಮಿ.ಗ್ರಾಂಗಿಂತ ಹೆಚ್ಚು ಕರಗುತ್ತದೆ, ನಮಗೆ ಬೇಕಾದದ್ದು 0.56 ಮಾತ್ರ. ಆದ್ದರಿಂದ ಕರಗದೇ ಇರಲು ಕಾರಣವೇ ಇಲ್ಲ. ಪುಡಿ ಮೇಲೆ ತೇಲಿ ಗಂಟು ಕಟ್ಟಿದರೆ ಕೊನೆಗೆ ವೇಗ ಹೆಚ್ಚಿಸಿ ಪೂರ್ತಿ ಕರಗಿಸಿ, ಆಮೇಲೆ ಓದಿ. ಫಲಿತಾಂಶ 98ರಿಂದ 102ರೊಳಗೆ ಬಂದರೆ ಅಳತೆಯ ಸಾಲು ಸರಿ ಇದೆ, ಯಂತ್ರದ ಓಟ ಮತ್ತು ಮಾತ್ರೆಯ ಕಡೆ ಹೋಗಿ. ಇಲ್ಲೂ 70 ಬಂದರೆ ಬೈಂಡರ್ ಬಗ್ಗೆ ಇನ್ನು ಒಂದು ಮಾತೂ ಬೇಡ.

ಇನ್ನೊಂದು ವೆಸೆಲ್‌ಗೆ ಮಾರುಕಟ್ಟೆಯ ಮಾತ್ರೆ ಹಾಕಿ. ಕೈಗೆ ಸುಲಭವಾಗಿ ಸಿಗುವುದು ಬೆಂಗಳೂರಿನದೇ ಮೈಕ್ರೋ ಲ್ಯಾಬ್ಸ್ ಕಂಪನಿಯ ಡೋಲೋ 650. ಇಲ್ಲಿ ಒಂದು ಎಚ್ಚರ ಬೇಕು: ಅದರಲ್ಲಿರುವುದು 650 ಮಿ.ಗ್ರಾಂ, ಎಕ್ಸೆಲ್‌ನಲ್ಲಿ ಲೇಬಲ್ ಕ್ಲೇಮ್ (ಲೇಬಲ್ ಮೇಲೆ ಬರೆದ ಪ್ರಮಾಣ) 500 ಎಂದೇ ಬಿಟ್ಟರೆ ಉತ್ತರ 130% ಬರುತ್ತದೆ. 50 ಪಟ್ಟು ತೆಳು ಮಾಡಿದರೆ ಅಬ್ಸಾರ್ಬೆನ್ಸ್ 1.03ರ ಹತ್ತಿರ ಹೋಗಿ 12 ಮೈಕ್ರೋಗ್ರಾಂಗೆ ಮುಗಿಯುವ ಕ್ಯಾಲಿಬ್ರೇಷನ್ ಗೆರೆಯ (ಗೊತ್ತಿರುವ ಪ್ರಮಾಣಗಳ ರೀಡಿಂಗ್ ಸೇರಿಸಿ ಎಳೆದ ಗೆರೆ) ಆಚೆ ಬೀಳುತ್ತದೆ. 100 ಪಟ್ಟು ಮಾಡಿ, 0.516 ನಿರೀಕ್ಷಿಸಿ.

ಮೂರನೆಯದು, 30 ನಿಮಿಷದ ಸ್ಯಾಂಪಲ್ ತೆಗೆದ ಮೇಲೆ ನಿಮ್ಮ ಮಾತ್ರೆ ಇರುವ ವೆಸೆಲ್‌ನ ವೇಗವನ್ನು 150ಕ್ಕೆ ಏರಿಸಿ ಇನ್ನೊಂದು 15 ನಿಮಿಷ ಬಿಟ್ಟು ಓದಿ. ಇನ್ಫಿನಿಟಿ ಪಾಯಿಂಟ್ ಅನ್ನುವುದು ಇದಕ್ಕೇ. ಆಗ 100 ಮುಟ್ಟಿದರೆ ಡ್ರಗ್ ಇದೆ, ನಿಧಾನವಾಗಿ ಬರುತ್ತಿದೆ. ಮುಟ್ಟದಿದ್ದರೆ ಮಾತ್ರೆಯೊಳಗೆ ಡ್ರಗ್ಗೇ ಕಡಿಮೆ, ಅಥವಾ ಅಳತೆ ತಪ್ಪು.

ಯುವಿ ಯಂತ್ರದ ವಿಚಾರಣೆ

ಕ್ಯುವೆಟ್‌ನಿಂದ ಶುರು ಮಾಡಿ. ಗಾಜಿನ ಕ್ಯುವೆಟ್ 257ರ ಬೆಳಕನ್ನು ತಾನೇ ನುಂಗುತ್ತದೆ. ಯುವಿಗೆ ಕ್ವಾರ್ಟ್ಸ್ ಬೇಕು. ಜೂನಿಯರ್‌ಗಳ ಪ್ರಾಕ್ಟಿಕಲ್ಸ್ ಆದ ಮೇಲೆ ಎರಡೂ ಒಂದೇ ಪೆಟ್ಟಿಗೆಗೆ ಸೇರಿಕೊಂಡಿರುವುದು ಮಾಮೂಲು. ಗಾಳಿಯನ್ನೇ ರೆಫರೆನ್ಸ್ ಇಟ್ಟು, ಬರೀ ನೀರು ತುಂಬಿದ ಕ್ಯುವೆಟ್ ಓದಿ. ಅಂಕಿ ಆಕಾಶಕ್ಕೆ ಹೋದರೆ ಅದು ಗಾಜು. ಆಮೇಲೆ ಎರಡು ಕ್ವಾರ್ಟ್ಸ್ ಕ್ಯುವೆಟ್‌ಗೂ ಅದೇ ನೀರು ತುಂಬಿ ಪರಸ್ಪರ ಓದಿ, ವ್ಯತ್ಯಾಸ ಸೊನ್ನೆಗೆ ಹತ್ತಿರ ಇರಬೇಕು. ಬೆರಳಚ್ಚು, ಒಣಗಿದ ಫಾಸ್ಫೇಟ್ ಕಲೆ, ಗೋಡೆಗೆ ಅಂಟಿದ ಗುಳ್ಳೆ, ಮೂರೂ ರೀಡಿಂಗ್ ಏರಿಸುತ್ತವೆ, ಇಳಿಸುವುದಿಲ್ಲ. ಫಲಿತಾಂಶ 112% ಬಂದಾಗ ಇಲ್ಲಿ ಹುಡುಕಿ, 61 ಬಂದಾಗ ಅಲ್ಲ. ಬ್ಲ್ಯಾಂಕ್‌ನ (ಡ್ರಗ್ ಇಲ್ಲದ ದ್ರಾವಕ) ಕ್ಯುವೆಟ್ ಕೊಳಕಾಗಿದ್ದರೆ ಮಾತ್ರ ಕತೆ ಉಲ್ಟಾ.

ಮುಂದಿನದು ತರಂಗಾಂತರ. ಅತಿ ಸಾಮಾನ್ಯವಾಗಿ ಸಿಗುವ ದೋಷ ಇದೇ. ಪ್ಯಾರಸಿಟಮಾಲ್ ಒಂದು ಫೀನಾಲ್, ಅದರ ಪಿಕೆಎ (ಅರ್ಧ ಭಾಗ ಅಯಾನು ಆಗುವ ಪಿಎಚ್) 9.5ರ ಆಸುಪಾಸು. ಪಿಎಚ್ 5.8ರಲ್ಲಿ ಅದು ಹೆಚ್ಚುಕಡಿಮೆ ಎಲ್ಲವೂ ಅಯಾನು ಆಗದ ರೂಪದಲ್ಲೇ ಇದ್ದು 243 ನ್ಯಾನೋಮೀಟರ್‌ನಲ್ಲಿ ಅತಿ ಹೆಚ್ಚು ಹೀರುತ್ತದೆ. ಕ್ಷಾರದಲ್ಲಿ ಅಯಾನು ಆಗಿ ಶಿಖರ 257ಕ್ಕೆ ಸರಿಯುತ್ತದೆ. ತಂಡದಲ್ಲಿ ಒಬ್ಬರು ಕ್ಯಾಲಿಬ್ರೇಷನ್‌ಗೆ ಕ್ಷಾರ ಬಳಸಿ 257ರಲ್ಲಿ ಗೆರೆ ಎಳೆದಿರುತ್ತಾರೆ, ಇನ್ನೊಬ್ಬರು ಸ್ಯಾಂಪಲನ್ನು ಬಫರ್‌ನಲ್ಲೇ ತೆಳು ಮಾಡಿ ಅದೇ 257ರಲ್ಲಿ ಓದಿರುತ್ತಾರೆ. ಆರೂ ವೆಸೆಲ್ ಶಿಸ್ತಾಗಿ ಕಡಿಮೆ ಬರುವುದು ಹೀಗೆ. ಒಂದೇ ಬಿಂದುವಿನ ರೀಡಿಂಗ್ ನಂಬದೆ ಸ್ಟ್ಯಾಂಡರ್ಡ್ ಮತ್ತು ಸ್ಯಾಂಪಲ್ ಎರಡನ್ನೂ 230ರಿಂದ 320ರವರೆಗೆ ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಇಡಿ. ಶಿಖರಗಳು ಒಂದೇ ಕಡೆ ನಿಲ್ಲದಿದ್ದರೆ ದ್ರಾವಕ ಬೇರೆ ಬೇರೆ. ಎರಡೂ ಒಂದೇ ಕಡೆ ನಿಂತು, ಆ ಕಡೆ 257 ಆಗಿರದೆ 254 ಆಗಿದ್ದರೆ ಯಂತ್ರದ ತರಂಗಾಂತರವೇ ಜಾರಿದೆ.

ಕ್ಯಾಲಿಬ್ರೇಷನ್ ಗೆರೆಯ ಆರ್-ಸ್ಕ್ವೇರ್ 0.999 ಬಂದ ಕೂಡಲೇ ಸಮಾಧಾನಪಡುವವರೇ ಹೆಚ್ಚು. ಅದು ಬಿಂದುಗಳು ಒಂದು ಸಾಲಿನಲ್ಲಿವೆ ಅಂತ ಮಾತ್ರ ಹೇಳುತ್ತದೆ, ಸಾಲು ಸರಿ ಜಾಗದಲ್ಲಿದೆ ಅಂತಲ್ಲ. ಸ್ಲೋಪ್ 0.0715ರ ಹತ್ತಿರ ಇರಬೇಕು. ಅದು 0.066 ಇದ್ದರೆ ಸ್ಟಾಕ್ (ಸ್ಟ್ಯಾಂಡರ್ಡ್ ಮಾಡುವ ಮೂಲ ದ್ರಾವಣ) ತೆಳುವಾಗಿದೆ. ಆಗ ಸ್ಯಾಂಪಲ್‌ಗಳೆಲ್ಲ ಹೆಚ್ಚು ತೋರುತ್ತವೆ. ಸ್ಲೋಪ್ ಸರಿ ಇದ್ದು ಗೆರೆ ಸೊನ್ನೆಯಲ್ಲಿ ಕೂರದೆ 0.06ರಲ್ಲಿ ಕೂತರೆ ಬ್ಲ್ಯಾಂಕ್ ಬೇರೆ ದ್ರಾವಕದ್ದು.

ಯಂತ್ರದ ಮೇಲೆಯೇ ಅನುಮಾನ ಉಳಿದರೆ ಪೊಟ್ಯಾಸಿಯಂ ಡೈಕ್ರೋಮೇಟ್ ಪರೀಕ್ಷೆ ಇದೆ. ಲೀಟರಿಗೆ 60 ಮಿ.ಗ್ರಾಂನಂತೆ 0.005 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ 257ರಲ್ಲಿ ಓದಿದರೆ 0.864 ಬರಬೇಕು. ಕರೆಂಟ್ ಹೋಗಿ ಬಂದ ಮೇಲೆ ಡ್ಯುಟೀರಿಯಂ ಲ್ಯಾಂಪ್‌ಗೆ ಅರ್ಧ ಗಂಟೆ ಬಿಸಿಯಾಗಲು ಬಿಡದೆ ಓದಿದ ಅಂಕಿಗಳನ್ನು ರೆಕಾರ್ಡ್‌ಗೆ ಏರಿಸಬೇಡಿ.

ನೀರು, ಬಫರ್, ಪಿಪೆಟ್

ಬೆಂಗಳೂರಿನಲ್ಲಿ ನೀರು ಎಲ್ಲಿಂದ ಬಂತು ಅನ್ನುವುದನ್ನು ಪ್ರಾಜೆಕ್ಟ್ ಪುಸ್ತಕದಲ್ಲಿ ಬರೆಯಲೇಬೇಕು. ಕಾವೇರಿ ನೀರು ಬರುವ ದಿನ ಒಂದು ಬಗೆ, ಬೋರ್‌ವೆಲ್ ನೀರು ತುಂಬಿದ ದಿನ ಇನ್ನೊಂದು ಬಗೆ. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಕಡೆ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯುವಂತಾಗಿತ್ತು. ಗಡಸು ನೀರಿನಿಂದ ಡಿಸ್ಟಿಲೇಷನ್ ಯೂನಿಟ್‌ನ ಹೀಟರ್‌ಗೆ ಸುಣ್ಣ ಕಟ್ಟುತ್ತದೆ, ಅತಿಯಾಗಿ ಕುದಿದಾಗ ಹನಿಗಳು ಹಾರಿ ಡಿಸ್ಟಿಲ್ಡ್ ನೀರಿಗೆ ಸೇರುತ್ತವೆ. ಸ್ವಲ್ಪ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ. ಹಾಲಿನ ಬಣ್ಣ ಬಂದರೆ ಕ್ಲೋರೈಡ್ ಇದೆ, ಆ ಕ್ಯಾನ್ ಬೇಡ. ಪಿಎಚ್ 7ರ ಮೇಲಿನ ಫಾಸ್ಫೇಟ್ ಬಫರ್ ಮಾಡುವವರಿಗೆ ಇಂಥ ನೀರಿನ ಕ್ಯಾಲ್ಸಿಯಂ ಬೇಗ ಕಾಣಿಸುತ್ತದೆ. ದ್ರಾವಣ ಮಬ್ಬಾಗುತ್ತದೆ, ಅದು ಕ್ಯಾಲ್ಸಿಯಂ ಫಾಸ್ಫೇಟ್. ಮಬ್ಬು ಬೆಳಕನ್ನು ಚದುರಿಸಿ ರೀಡಿಂಗ್ ಏರಿಸುತ್ತದೆ. ವಾರದ ಹಿಂದಿನ ಬಫರ್‌ನಲ್ಲಿ ನೂಲಿನಂತೆ ಏನಾದರೂ ತೇಲುತ್ತಿದ್ದರೆ ಅದು ಬೂಸ್ಟು. ಸೋಸಿ ಬಳಸುವ ಯೋಚನೆ ಬೇಡ, ಚೆಲ್ಲಿ.

ಥರ್ಮಾಮೀಟರ್ ಪರೀಕ್ಷಿಸಲು ನೀರು ಕುದಿಸಿ, 97 ತೋರಿಸಿತು ಅಂತ ಅದನ್ನು ಎಸೆಯಲು ಹೊರಟವರಿಗೊಂದು ಮಾತು. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಥರ್ಮಾಮೀಟರ್ ಸರಿಯಾಗಿಯೇ ಇದೆ. ಪುಡಿ ಮಾಡಿದ ಐಸ್ ಮತ್ತು ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ನೋಡಿ, ಅದು ಎತ್ತರಕ್ಕೆ ಬದಲಾಗುವುದಿಲ್ಲ.

ಪಿಪೆಟ್ ಬಗ್ಗೆ ತಂಡದೊಳಗೆ ಜಗಳ ಬೇಡ, ತಕ್ಕಡಿ ಇದೆ. ಪ್ರಾಜೆಕ್ಟ್ ತಂಡದಲ್ಲಿ ಐದು ಜನರವರೆಗೆ ಇರಬಹುದು ಅಂತ ಫಾರ್ಮಸಿ ಕೌನ್ಸಿಲ್ ನಿಯಮ. ಐವರೂ ಅದೇ ಪಿಪೆಟ್‌ನಲ್ಲಿ 1 ಎಂ.ಎಲ್. ನೀರನ್ನು ಹತ್ತು ಸಲ ಬಿಟ್ಟು ತೂಗಲಿ. 25 ಡಿಗ್ರಿಯಲ್ಲಿ ಅದು 0.997 ಗ್ರಾಂ ಹತ್ತಿರ ಇರಬೇಕು. 1 ಎಂ.ಎಲ್.ನಲ್ಲಿ 0.05 ತಪ್ಪಿದರೆ ಫಲಿತಾಂಶದಲ್ಲಿ ನೇರವಾಗಿ 5% ಹೋಯಿತು. 1ರಿಂದ 50ಕ್ಕೆ ಏರಿಸುವ ಬದಲು 5ರಿಂದ 250ಕ್ಕೆ ಏರಿಸಿದರೆ ಈ ದೋಷ ಬಹುಪಾಲು ತಗ್ಗುತ್ತದೆ, ಕ್ಷಾರ ಮಾತ್ರ ಹೆಚ್ಚು ಬೇಕು.

ಡಿಸೊಲ್ಯೂಷನ್ ಯಂತ್ರ

ಸಂಖ್ಯೆಯ ಗೊಂದಲ ಮೊದಲು. ಅಮೆರಿಕದ ಫಾರ್ಮಾಕೋಪಿಯಾದಲ್ಲಿ ಉಪಕರಣ 1 ಅಂದರೆ ಬ್ಯಾಸ್ಕೆಟ್, 2 ಅಂದರೆ ಪ್ಯಾಡಲ್. ಭಾರತೀಯ ಫಾರ್ಮಾಕೋಪಿಯಾದ ಆವೃತ್ತಿಗಳಲ್ಲಿ ಇದು ತಿರುಗಾಮುರುಗಾ ಇರುವುದುಂಟು. ಪ್ರೋಟೋಕಾಲ್‌ನಲ್ಲಿ ಸಂಖ್ಯೆ ಬಿಟ್ಟು ಪ್ಯಾಡಲ್ ಅಥವಾ ಬ್ಯಾಸ್ಕೆಟ್ ಎಂದೇ ಬರೆಯಿರಿ.

ಉಷ್ಣತೆಯನ್ನು ಹೊರಗಿನ ತೊಟ್ಟಿಯಲ್ಲಿ ಅಲ್ಲ, ಪ್ರತಿ ವೆಸೆಲ್‌ನ ಒಳಗೆ ನೋಡಿ: 37, ಹೆಚ್ಚುಕಡಿಮೆ 0.5. ಪ್ಯಾಡಲ್ ತಳದಿಂದ 25 ಮಿ.ಮೀ. ಮೇಲಿರಬೇಕು, 2 ಮಿ.ಮೀ. ಆಚೀಚೆ ಆಗಬಹುದು. ಒಂದೇ ವೆಸೆಲ್ ಹಿಂದೆ ಬೀಳುವುದಕ್ಕೆ ಬಹಳ ಸಲ ಕಾರಣ ಈ ಎತ್ತರ ಅಥವಾ ಬಾಗಿದ ಶಾಫ್ಟ್. ಅನುಮಾನ ತೀರಲು ಮಾತ್ರೆಗಳ ಜಾಗ ಅದಲುಬದಲು ಮಾಡಿ. ಓಟದ ನಡುವೆ ಕರೆಂಟ್ ಹೋಗಿ ಶಾಫ್ಟ್ ನಿಂತಿತೋ, ಆ ಓಟ ಅಲ್ಲಿಗೆ ಮುಗಿಯಿತು. ಯುವಿಗೆ ಯುಪಿಎಸ್ ಇರುತ್ತದೆ, ಇದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಡಿಸೆಂಬರ್, ಜನವರಿಯ ಬೆಳಗ್ಗೆ ತೊಟ್ಟಿಯ ತಣ್ಣನೆಯ ನೀರಿನಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ. ಅದನ್ನು 37ಕ್ಕೆ ಬಿಸಿ ಮಾಡಿದಾಗ ಗುಳ್ಳೆಗಳು ಮಾತ್ರೆಗೆ ಅಂಟಿ, ಮಾತ್ರೆ ನೀರಿಗೆ ಮುಖ ಕೊಡದ ಹಾಗೆ ಆಗುತ್ತದೆ. ಬಫರ್‌ಅನ್ನು ಸುಮಾರು 41 ಡಿಗ್ರಿಗೆ ಬಿಸಿ ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ವ್ಯಾಕ್ಯೂಮ್ ಹಾಕಿ ಸೋಸಿ, ಅದೇ ವ್ಯಾಕ್ಯೂಮ್‌ನಲ್ಲಿ 5 ನಿಮಿಷ ಕಲಕಿದರೆ ಸಾಕು.

ಸ್ಯಾಂಪಲನ್ನು ತೆಗೆದ ಕ್ಷಣವೇ ಸೋಸಬೇಕು. ಇದರ ಕಾರಣ ಸ್ವಾರಸ್ಯಕರ. ಸೋಸದ ಸ್ಯಾಂಪಲ್‌ನಲ್ಲಿರುವ ಕರಗದ ಕಣ ಕ್ಷಾರಕ್ಕೆ ಬಿದ್ದೊಡನೆ ಪೂರ್ತಿ ಕರಗಿಬಿಡುತ್ತದೆ. 10 ನಿಮಿಷದ ಸ್ಯಾಂಪಲ್ 15 ನಿಮಿಷದ್ದಕ್ಕಿಂತ ಹೆಚ್ಚು ತೋರಿಸುವ ವಿಚಿತ್ರ ಗ್ರಾಫ್‌ಗಳು ಬರುವುದು ಹೆಚ್ಚಾಗಿ ಇದರಿಂದಲೇ. ಫಿಲ್ಟರ್ ಡ್ರಗ್ ಹಿಡಿದುಕೊಳ್ಳುತ್ತಿದೆಯೇ ಅನ್ನುವುದಕ್ಕೆ ಸ್ಟ್ಯಾಂಡರ್ಡ್ ದ್ರಾವಣವನ್ನು ಸೋಸಿ, ಸೋಸದೆ, ಎರಡನ್ನೂ ಓದಿ ಹೋಲಿಸಿ.

ಈಗ ಮಾತ್ರೆ

ಇಲ್ಲಿಯವರೆಗೆ ಎಲ್ಲ ತೇರ್ಗಡೆಯಾಗಿದ್ದರೆ ಮಾತ್ರೆಯನ್ನು ಹಿಡಿಯಿರಿ. ಪ್ಯಾಡಲ್ ಕೆಳಗೆ ಪುಡಿ ಗುಡ್ಡೆಯಾಗಿ ಕೂತಿದ್ದರೆ ಅದು ಮಾತ್ರೆ ಒಡೆಯದ ದೋಷವಲ್ಲ, 50ರ ವೇಗಕ್ಕೆ ಪುಡಿ ಏಳುತ್ತಿಲ್ಲ. 75ರಲ್ಲಿ ಒಮ್ಮೆ ಓಡಿಸಿ ವ್ಯತ್ಯಾಸ ನೋಡಬಹುದು, ಆದರೆ ಆ ಅಂಕಿಯನ್ನು 50ರ ಜಾಗದಲ್ಲಿ ಕೂರಿಸುವಂತಿಲ್ಲ.

ಮಾತ್ರೆ 20 ನಿಮಿಷವಾದರೂ ಇಡಿಯಾಗಿ, ಮೇಲ್ಮೈ ನೆನೆಯದೆ ಕೂತಿದೆಯೇ? ಮೆಗ್ನೀಸಿಯಂ ಸ್ಟಿಯರೇಟ್ (ಪ್ರೆಸ್‌ಗೆ ಅಂಟದಂತೆ ಹಾಕುವ ಜಾರುಪುಡಿ) ನೋಡಿ. ಅದು ನೀರನ್ನು ದೂರವಿಡುವ ಪದಾರ್ಥ. ಹೆಚ್ಚು ಹೊತ್ತು ಕಲಸಿದಷ್ಟೂ ಪ್ರತಿ ಗ್ರ್ಯಾನ್ಯುಲ್‌ಗೂ ತೆಳು ಪದರವಾಗಿ ಹತ್ತಿಕೊಳ್ಳುತ್ತದೆ. ಎಷ್ಟು ಹಾಕಿದಿರಿ ಅನ್ನುವಷ್ಟೇ ಎಷ್ಟು ಹೊತ್ತು ಕಲಸಿದಿರಿ ಅನ್ನುವುದೂ ಮುಖ್ಯ, ಆದರೆ ರೆಕಾರ್ಡ್‌ನಲ್ಲಿ ಎರಡನೆಯದು ಇರುವುದೇ ಅಪರೂಪ. ಅದೇ ಗ್ರ್ಯಾನ್ಯುಲ್ಸ್ ಎರಡು ಪಾಲು ಮಾಡಿ, ಒಂದನ್ನು 2 ನಿಮಿಷ, ಇನ್ನೊಂದನ್ನು 10 ನಿಮಿಷ ಕಲಸಿ ಒತ್ತಿ. ಎರಡರ ಡಿಸಿಂಟಿಗ್ರೇಷನ್ (ಒಡೆಯುವ) ಸಮಯ ದೂರ ದೂರ ನಿಂತರೆ ಕಾರಣ ಸಿಕ್ಕಿತು, ಬೈಂಡರ್ ತಪ್ಪಿಲ್ಲ.

ಕ್ಯಾಪಿಂಗ್ ಪ್ಯಾರಸಿಟಮಾಲ್‌ನ ಹಳೆಯ ಹಟ. ಇದರ ಹರಳು ಒತ್ತಿದಾಗ ಕೂರುವುದಿಲ್ಲ, ಒತ್ತಡ ಬಿಟ್ಟೊಡನೆ ಹಿಗ್ಗುತ್ತದೆ, ಟೋಪಿಯಂತೆ ಮೇಲ್ಭಾಗ ಕಳಚುತ್ತದೆ. ಗ್ರ್ಯಾನ್ಯುಲ್ಸ್ ತುಂಬ ಒಣಗಿದ್ದರೆ, ಪುಡಿ ಹೆಚ್ಚಿದ್ದರೆ ಇದು ಜಾಸ್ತಿ. ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಟ್ರೇ ಡ್ರೈಯರ್‌ನಲ್ಲಿ ಮರೆತ ಗ್ರ್ಯಾನ್ಯುಲ್ಸ್ ಮತ್ತು ಜುಲೈನ ಮಳೆಯಲ್ಲಿ ತೆರೆದಿಟ್ಟ ಗ್ರ್ಯಾನ್ಯುಲ್ಸ್ ಒಂದೇ ಸೂತ್ರದ್ದಾದರೂ ಪ್ರೆಸ್‌ನಲ್ಲಿ ಒಂದೇ ಥರ ನಡೆದುಕೊಳ್ಳುವುದಿಲ್ಲ. ಒತ್ತುವ ಮುನ್ನ ತೇವಾಂಶ ಅಳೆದು, 2ರಿಂದ 3% ಇದೆಯೇ ನೋಡಿ. ಒಂದು ಸುತ್ತಿನ ಮಾತ್ರೆಗಳನ್ನು ಹೊರಬಂದ ಕ್ರಮದಲ್ಲೇ ಸಾಲಾಗಿ ಜೋಡಿಸಿ. ಕಳಚುವುದು ಯಾವಾಗಲೂ ಒಂದೇ ಸ್ಟೇಷನ್‌ನ ಮಾತ್ರೆಯಾದರೆ ಆ ಪಂಚ್ ಸವೆದಿದೆ, ಫಾರ್ಮುಲಾ ಮುಟ್ಟಬೇಡಿ. ಎಲ್ಲವೂ ಕಳಚಿದರೆ ವೇಗ ತಗ್ಗಿಸಿ, ಆಮೇಲೆ ಒತ್ತಡ, ಆಮೇಲೆ ಬೈಂಡರ್. ಒಂದೊಂದಾಗಿ.

ಗಡಸುತನ ಹೆಚ್ಚಾದಷ್ಟೂ ಫ್ರಯಬಿಲಿಟಿ (ಉರುಳಿಸಿದಾಗ ಉದುರಿಹೋಗುವ ಪ್ರಮಾಣ) ಚೆನ್ನಾಗಿ ಬರುತ್ತದೆ ಅಂತ ಹ್ಯಾಂಡಲ್ ಬಿಗಿ ಮಾಡುತ್ತಾ ಹೋಗುವುದು ಇನ್ನೊಂದು ಬಲೆ. ಫ್ರಯಬಿಲಿಟಿ 1% ಒಳಗೆ ಇದ್ದರೆ ಸಾಕು, 0.1ಕ್ಕೆ ಇಳಿಸಿದ್ದಕ್ಕೆ ಯಾರೂ ಬಹುಮಾನ ಕೊಡುವುದಿಲ್ಲ, ಡಿಸೊಲ್ಯೂಷನ್ ಮಾತ್ರ ಹಾಳಾಗುತ್ತದೆ.

ವಿಫಲವಾದ ಓಟಗಳನ್ನು ಹರಿದು ಹಾಕಬೇಡಿ. ನಿಯಮದ ಪ್ರಕಾರ ವರದಿ 25 ಪುಟಕ್ಕೆ ಕಡಿಮೆ ಇರಬಾರದು. ಪಠ್ಯಪುಸ್ತಕದ ಪೀಠಿಕೆಯನ್ನು ಹಿಗ್ಗಿಸಿ ತುಂಬುವ ಬದಲು ಈ ಹುಡುಕಾಟದ ಕೋಷ್ಟಕಗಳನ್ನು ಹಾಕಿದರೆ ಪರೀಕ್ಷಕರಿಗೆ ಕೇಳಲು ಏನಾದರೂ ಇರುತ್ತದೆ.

ಬೇರೆ ಲ್ಯಾಬ್‌ನ ಯುವಿಯಲ್ಲಿ ಓದಿಸಿ ನೋಡುವ ಹಂತ ಬಂದರೆ ಸ್ಯಾಂಪಲ್ ಮಾತ್ರ ಒಯ್ಯಬೇಡಿ. ನಿಮ್ಮ ಸ್ಟಾಕ್, ನಿಮ್ಮ ಬ್ಲ್ಯಾಂಕ್, ನಿಮ್ಮ ಕ್ಯುವೆಟ್ ಜೋಡಿ ಎಲ್ಲವೂ ಜೊತೆಗಿರಲಿ. ಕ್ಷಾರದಲ್ಲಿ ಪ್ಯಾರಸಿಟಮಾಲ್ ಹೆಚ್ಚು ಹೊತ್ತು ಬಾಳುವುದಿಲ್ಲ, ಟ್ರಾಫಿಕ್‌ಗೆ ಹೆಸರಾದ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟುವುದರೊಳಗೆ ಏನು ಬೇಕಾದರೂ ಆಗಬಹುದು. ಹಾಗಾಗಿ ಸೋಸಿದ ಸ್ಯಾಂಪಲ್ಲನ್ನು ಬಫರ್‌ನಲ್ಲೇ ಒಯ್ದು, ಕ್ಷಾರದ ಡೈಲ್ಯೂಷನ್ ಅಲ್ಲಿಯೇ ಮಾಡಿ. 10 ಮೈಕ್ರೋಗ್ರಾಂ ಸ್ಟ್ಯಾಂಡರ್ಡ್ ಅಲ್ಲಿ 0.71, ನಿಮ್ಮ ಯಂತ್ರದಲ್ಲಿ 0.64 ಬಂದರೆ, ಆ ಎರಡು ಅಂಕಿ ಮತ್ತು ಡೈಕ್ರೋಮೇಟ್ ರೀಡಿಂಗ್ ಒಂದೇ ಹಾಳೆಯಲ್ಲಿ ಬರೆದು ಗೈಡ್ ಕೈಗೆ ಕೊಡಿ. ಸರ್ವಿಸ್ ಎಂಜಿನಿಯರ್‌ಗೆ ಬರೆಯುವ ಪತ್ರಕ್ಕೆ ಅಷ್ಟು ಸಾಕು.